ಎಂಟು ಎಂದು ಬರೆದ ಅರ್ಜಿ

ಟೇಪಕ್ಕ ಗಿರಾಕಿಗಳನ್ನು ಕೇಳುವುದು ಎರಡೇ ಪ್ರಶ್ನೆ. ಯಾವ ಸ್ಕೂಲು, ಯಾವ ಕ್ಲಾಸು. ಮಗುವಿನ ಹೆಸರು ಅವರಿಗೆ ಬೇಕಿಲ್ಲ. ಹದಿನೇಳು ವರ್ಷಗಳಿಂದ ನಾಲ್ಕು ಶಾಲೆಗಳ ಸಮವಸ್ತ್ರ ಹೊಲಿಯುತ್ತಿರುವ ಅವರಿಗೆ ಬೀದಿಯಲ್ಲಿ ಹೋಗುವ ಮಕ್ಕಳು ಮುಖಕ್ಕಿಂತ ಹೆಚ್ಚಾಗಿ ಕಾಲರಿನಿಂದ ಗುರುತು ಸಿಗುತ್ತಾರೆ. ಅಳತೆಯ ಟೇಪು ಸದಾ ಕೊರಳಲ್ಲೇ ಇರುವುದರಿಂದ ಮಕ್ಕಳು ಇಟ್ಟ ಹೆಸರು ಟೇಪಕ್ಕ. ಈಗ ದೊಡ್ಡವರೂ ಹಾಗೆಯೇ ಕರೆಯುತ್ತಾರೆ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಡಬ್ಬಿಗಳಲ್ಲಿ ಗುಂಡಿಗಳು. ಮೇಜಿನ ತುದಿಯಲ್ಲಿ ಆರ್ಡರು ಬರೆದುಕೊಳ್ಳುವ ಪುಸ್ತಕ. ರಜೆಯಲ್ಲಿ ಅಳತೆ ಕೊಡುವ ಮಗು ಆ ಬಟ್ಟೆ ಹಾಕಿಕೊಳ್ಳುವುದು ಹೊಸ ತರಗತಿಗೆ. ಹಾಗಾಗಿ ಈಗ ಆರನೆಯಲ್ಲಿರುವ ಮಗುವಿನ ಮುಂದೆ ಟೇಪಕ್ಕ ಏಳು ಎಂದು ಬರೆಯುತ್ತಾರೆ. ಏಳನೆಯದಕ್ಕೆ ಬೇರೆ ಬಣ್ಣದ ಪಟ್ಟಿ, ಎಂಟಕ್ಕೆ ಉದ್ದ ತೋಳು, ಲೆಕ್ಕವೆಲ್ಲ ಮುಂದಿನ ವರ್ಷದ್ದೇ. ಅವರ ಪುಸ್ತಕದಲ್ಲಿ ಊರಿನ ಮಕ್ಕಳೆಲ್ಲ ಒಂದು ವರ್ಷ ಮುಂದಿದ್ದಾರೆ. ಮಗಳ ವಿಷಯದಲ್ಲಿ ಆದ ಎಡವಟ್ಟು ಶುರುವಾಗುವುದು ಇಲ್ಲಿಂದ.

ಮಗಳಿಗೆ ಹನ್ನೆರಡು ವರ್ಷ, ಏಳನೆಯ ತರಗತಿ. ಮನೆಯಲ್ಲಿ ಗುಬ್ಬಿ ಎನ್ನುತ್ತಾರೆ. ಎರಡು ಬೀದಿ ಆಚೆಯ ಖಾಸಗಿ ಶಾಲೆಯೊಂದರ ಸಮವಸ್ತ್ರದ ಕೆಲಸ ಸಿಕ್ಕ ವರ್ಷವೇ ಟೇಪಕ್ಕ ಅವಳನ್ನು ಅಲ್ಲಿಗೆ ಸೇರಿಸಿದ್ದರು. ಆ ಶಾಲೆ ಇರುವುದು ಏಳನೆಯವರೆಗೆ ಮಾತ್ರ. ಗುಬ್ಬಿ ಆರನೆಯಲ್ಲಿದ್ದಾಗ ಶಾಲೆಯವರು ಒಂದು ಪರೀಕ್ಷೆ ಮಾಡಿ, ಮೂವತ್ತನಾಲ್ಕು ಮಕ್ಕಳಲ್ಲಿ ಇಪ್ಪತ್ತಾರು ಮಂದಿಯನ್ನು ಆರಿಸಿ 'ವಿಶೇಷ ಪ್ರತಿಭಾ ತರಗತಿ' ತೆರೆದರು. ಉಳಿದ ಎಂಟು ಮಕ್ಕಳ ಮನೆಯವರು ಗಲಾಟೆ ಮಾಡಿದ ಮೇಲೆ ಮರುವಾರ 'ಉದಯೋನ್ಮುಖ ಪ್ರತಿಭಾ ತರಗತಿ'ಯೂ ಶುರುವಾಯಿತು. ಎರಡೂ ನಡೆಯುತ್ತಿದ್ದದ್ದು ಒಂದೇ ಕೋಣೆಯಲ್ಲಿ, ಪಾಠ ಮಾಡುತ್ತಿದ್ದವರು ಒಬ್ಬರೇ ಟೀಚರು. ಇಪ್ಪತ್ತಾರು ಮಂದಿಗೂ ಒಂದೊಂದು ಪ್ರಮಾಣಪತ್ರ ಬಂತು: 'ತನ್ನ ತರಗತಿಗಿಂತ ಒಂದು ವರ್ಷ ಮುಂದಿನ ಪಾಠಗಳನ್ನು ಗ್ರಹಿಸುವ ಸಾಮರ್ಥ್ಯ ಈ ವಿದ್ಯಾರ್ಥಿಗಿದೆ.'

ಅದನ್ನು ಹಿಡಿದುಕೊಂಡು ಟೇಪಕ್ಕ ಆ ಟೀಚರ ಬಳಿ ಹೋದರು.

"ಮೇಡಂ, ಪ್ರತಿಭೆ ಇದೆ ಅಂತ ಬರೆದಿದ್ದೀರಿ. ಅದಕ್ಕೆ ನಾವು ಮನೇಲಿ ಏನು ಮಾಡ್ಬೇಕು?"

"ಏನೂ ಮಾಡ್ಬೇಡಿ. ಒತ್ತಡ ಹಾಕ್ಬೇಡಿ. ಹಾಗಂತ ಸುಮ್ನೆ ಬಿಟ್ಟುಬಿಡಲೂಬೇಡಿ."

ಟೇಪಕ್ಕ ತಲೆಯಾಡಿಸಿ ಮನೆಗೆ ಬಂದರು. ಏನು ಹೇಳಿದರು ಎಂದು ಗಂಡ ಕೇಳಿದರೆ ಹೇಳಲು ಬರಲಿಲ್ಲ.

ಏಳನೆಯ ನಂತರ ಎಲ್ಲಿ ಎಂಬುದು ಆ ಬೀದಿಯ ಪ್ರತಿ ಮನೆಯ ಪ್ರಶ್ನೆ. ಊರಿನಲ್ಲಿ ಸರ್ಕಾರಿ ಆಯ್ಕೆ ಪ್ರೌಢಶಾಲೆ ಒಂದೇ ಒಂದಿದೆ. ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರಿಗೆ ಮಾತ್ರ ಸೀಟು. ಅದು ಸಿಗದವರಿಗೆ ಹತ್ತಿರದ ಸಾಮಾನ್ಯ ಪ್ರೌಢಶಾಲೆ. ಅಲ್ಲಿಗೆ ಎರಡು ವರ್ಷದಿಂದ ಗಣಿತದ ಮೇಷ್ಟ್ರು ಬಂದಿಲ್ಲ. ಸಿಕ್ಕ ಕಾಗದದ ತುಂಡಿನ ಮೇಲೆಲ್ಲ ಲೆಕ್ಕ ಗೀಚುವ, ಅಮ್ಮ ಬಟ್ಟೆ ಕತ್ತರಿಸುವಾಗ ಎಷ್ಟು ತುಂಡು ಉಳಿಯುತ್ತದೆಂದು ಮೊದಲೇ ಹೇಳುವ ಗುಬ್ಬಿಯನ್ನು ಅಲ್ಲಿಗೆ ಕಳಿಸಲು ಟೇಪಕ್ಕನಿಗೆ ಮನಸ್ಸಿರಲಿಲ್ಲ.

ಸರ್ಕಾರಿ ಶಾಲೆಯ ಮಕ್ಕಳ ಅರ್ಜಿಯನ್ನು ಆಯಾ ಮುಖ್ಯೋಪಾಧ್ಯಾಯರೇ ತುಂಬಿ ಒಟ್ಟಿಗೆ ಕಳಿಸುತ್ತಾರೆ. ಖಾಸಗಿ ಶಾಲೆಯ ಮಕ್ಕಳದ್ದು ಹಾಗಲ್ಲ, ಮನೆಯವರೇ ತುಂಬಬೇಕು. ಇಬ್ಬರು ಗಿರಾಕಿಗಳ ನಡುವೆ ಸಿಕ್ಕ ಹತ್ತು ನಿಮಿಷದಲ್ಲಿ, ಕತ್ತರಿಸುವ ಮೇಜಿನ ಮೇಲೆಯೇ ಟೇಪಕ್ಕ ಅರ್ಜಿ ತುಂಬಿದರು. ಹುಟ್ಟಿದ ತಾರೀಕು ಸರಿಯಾಗಿ ಬರೆದರು, ವಿಳಾಸ ಸರಿಯಾಗಿ ಬರೆದರು. 'ಈಗ ಓದುತ್ತಿರುವ ತರಗತಿ' ಎಂಬಲ್ಲಿ, ಹದಿನೇಳು ವರ್ಷದ ಕೈ ಅಭ್ಯಾಸದಂತೆ, ಎಂಟು ಎಂದು ಬರೆದರು.

ಆ ಪ್ರೌಢಶಾಲೆಗೆ ಎರಡು ಬಾಗಿಲುಗಳಿವೆ. ಏಳು ಮುಗಿಸುವವರು ಎಂಟಕ್ಕೆ ಬರೆಯುವುದು ದೊಡ್ಡ ಪರೀಕ್ಷೆ, ನೂರಿಪ್ಪತ್ತು ಸೀಟು. ಎಂಟು ಮುಗಿಸುವವರು, ಖಾಲಿ ಬಿದ್ದ ಸೀಟುಗಳಿಗಾಗಿ ಒಂಬತ್ತಕ್ಕೆ ಬರೆಯುವುದು ಚಿಕ್ಕ ಪರೀಕ್ಷೆ. ಆ ವರ್ಷ ಹನ್ನೊಂದು ಸೀಟಿತ್ತು. ವಯಸ್ಸು ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು ನಿಯಮ ಹೇಳುತ್ತದೆ. ಕಡಿಮೆ ಇದ್ದರೆ ಏನು ಎಂಬುದರ ಬಗ್ಗೆ ಅದು ಮೌನ. ಅರ್ಜಿ ಎಲ್ಲಿಯೂ ಸಿಕ್ಕಿಹಾಕಿಕೊಳ್ಳದೆ ಎರಡನೆಯ ಬಾಗಿಲಿನೊಳಗೆ ಹೋಯಿತು.

ಹಾಲ್ ಟಿಕೆಟ್ಟಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಪ್ರವೇಶ: ೯' ಎಂದಿತ್ತು. ಅದನ್ನು ಗಂಡ ನೋಡಿದ್ದರು. ಅವರದು ಮನೆಮನೆಗೆ ಹೋಗಿ ವಿದ್ಯುತ್ ಮೀಟರು ಓದುವ ಕೆಲಸ. ಅಂಕಿ ಓದಿಯೇ ಸಂಬಳ ತೆಗೆದುಕೊಳ್ಳುವ ಅವರು ಫೋಟೊ ಸರಿಯಾಗಿದೆಯೇ, ಪರೀಕ್ಷೆ ಎಲ್ಲಿ ಎಂದಷ್ಟೇ ನೋಡಿ ಮಡಚಿಟ್ಟರು.

ಪರೀಕ್ಷೆ ಮುಗಿಸಿ ಹೊರಬಂದ ಗುಬ್ಬಿ, "ಕೆಲವು ಪ್ರಶ್ನೆ ಮೇಡಂ ಹೇಳೇ ಕೊಟ್ಟಿರ್ಲಿಲ್ಲ ಅಮ್ಮ," ಎಂದಳು.

"ಮತ್ತೆ ಏನು ಮಾಡ್ದೆ?"

"ಅಲ್ಲೇ ಯೋಚ್ನೆ ಮಾಡ್ದೆ. ನನ್ನ ಪಕ್ಕದ ಹುಡುಗಿ ನಮ್ಮ ಟೀಚರಷ್ಟು ಎತ್ತರ ಇದ್ಳು."

ಫಲಿತಾಂಶದ ದಿನ ನೂರಿಪ್ಪತ್ತು ಸಂಖ್ಯೆಗಳ ಪಟ್ಟಿಯಲ್ಲಿ ಗುಬ್ಬಿಯದಿರಲಿಲ್ಲ. ಟೇಪಕ್ಕ ಮೇಲಿನಿಂದ ಕೆಳಗೆ ಓದಿದರು, ಕೆಳಗಿನಿಂದ ಮೇಲೆ ಓದಿದರು. ಅಕ್ಕಪಕ್ಕದಲ್ಲಿ ಅಳುವವರು, ಫೋನು ಮಾಡುವವರು. ಗುಬ್ಬಿ ಮಾತ್ರ, ಸಿಕ್ಕಿದ್ದನ್ನೆಲ್ಲ ಓದುವ ತನ್ನ ಚಾಳಿಯಂತೆ, ಪಕ್ಕದ ಹಲಗೆಯ ಚಿಕ್ಕ ಪಟ್ಟಿಯ ಮುಂದೆ ನಿಂತಿದ್ದಳು.

"ಅಮ್ಮ, ನನ್ನ ನಂಬರು ಇಲ್ಲಿದೆ. ಆರನೇದು."

"ಅದು ದೊಡ್ಡೋರ ಪಟ್ಟಿ ಕಣೇ. ಬೇರೆ ಯಾರದ್ದೋ ಇರ್ಬೇಕು, ಬಾ."

"ನನ್ನ ನಂಬರು ಬೇರೆಯವರಿಗೆ ಯಾಕೆ ಕೊಡ್ತಾರೆ?"

ಇಬ್ಬರೂ ಕಚೇರಿಯ ಕಿಟಕಿಗೆ ಹೋದರು. ಪ್ರವೇಶ ವಿಭಾಗದ ಗುಮಾಸ್ತರು ಕಡತ ತೆಗೆದು, ಗುಬ್ಬಿಯನ್ನು ನೋಡಿ, ಮತ್ತೆ ಕಡತ ನೋಡಿದರು.

"ಏನಮ್ಮ, ಎಂಟರಲ್ಲಿ ಓದ್ತಿದ್ದಾಳಾ ಇವಳು?"

"ಇಲ್ಲ ಸಾರ್, ಏಳು."

"ಮತ್ತೆ ಎಂಟು ಅಂತ ಬರೆದವರು ಯಾರು?"

ಟೇಪಕ್ಕ ಬಗ್ಗಿ ನೋಡಿದರು. ಎಂಟರ ಬಾಲವನ್ನು ಹಾಗೆ ಉದ್ದ ಎಳೆಯುವವರು ಊರಿನಲ್ಲಿ ಬೇರೆ ಯಾರೂ ಇಲ್ಲ. "ನಾನೇ ಸಾರ್," ಎಂದರು.

"ನೋಡಿ, ಎಂಟಕ್ಕೆ ಸೇರಿಸೋಣ ಅಂದ್ರೆ ಆ ಪರೀಕ್ಷೆ ಬರೆದಿಲ್ಲ. ಒಂಬತ್ತಕ್ಕೆ ಸೇರಿಸೋಣ ಅಂದ್ರೆ ಎಂಟು ಓದಿಲ್ಲ. ಫೇಲಾಗಿದ್ರೆ ನನಗೆ ಸುಲಭ ಆಗ್ತಿತ್ತು."

"ಹಾಗಾದ್ರೆ ಈಗ ಇವಳು ಪಾಸಾ, ಫೇಲಾ?"

"ಅದನ್ನೇ ನಾನೂ ಯೋಚ್ನೆ ಮಾಡ್ತಿದ್ದೀನಿ," ಎಂದ ಗುಮಾಸ್ತರು ಕಡತವನ್ನು ಪ್ರಿನ್ಸಿಪಾಲರ ಕೋಣೆಗೆ ಒಯ್ದರು.

ಪ್ರಿನ್ಸಿಪಾಲರು ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು. ಅವರು ಗುಬ್ಬಿಯ ಉತ್ತರ ಪತ್ರಿಕೆ ತರಿಸಿ ಕಾಲು ಗಂಟೆ ಓದಿದರು. ಕೆಲವು ಲೆಕ್ಕಗಳಿಗೆ ಅವಳು ಪುಸ್ತಕದ ದಾರಿ ಬಿಟ್ಟು ಬಳಸಿ ಹೋಗಿದ್ದಳು, ಆದರೂ ಉತ್ತರ ಸರಿ ಇತ್ತು. ಅವರು ಕೊಟ್ಟ ತೀರ್ಮಾನ ಹೀಗಿತ್ತು: ಎಂಟನೆಯ ಮಟ್ಟದ ಪಾಠ ಈ ಹುಡುಗಿ ಗ್ರಹಿಸಬಲ್ಲಳು ಎಂದು ಅವಳ ಶಾಲೆಯವರು ಒಂದು ವಾರದೊಳಗೆ ಪತ್ರ ಕೊಟ್ಟರೆ ನೇರ ಒಂಬತ್ತಕ್ಕೆ ಸೇರಿಸಿಕೊಳ್ಳಬಹುದು. ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂದೇ ಒಂದು ವಿಷಯ ಕೈಕೊಟ್ಟರೂ ಸೀಟು ಹೋಗುತ್ತದೆ. ಆಮೇಲೆ ಆ ಶಾಲೆಯ ಎಂಟನೆಯದೂ ಇಲ್ಲ, ಒಂಬತ್ತನೆಯದೂ ಇಲ್ಲ.

ಖಾಸಗಿ ಶಾಲೆಯ ಟೀಚರು ಸುದ್ದಿ ಕೇಳಿ ಮೊದಲು ಹಿಗ್ಗಿದರು. ಪತ್ರದ ಮಾತು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಒಂದು ವರ್ಷ ಮುಂದಿನದು ಬರುತ್ತೆ ಅಂತ ನಾವು ಹೇಗೆ ಬರೆದುಕೊಡೋದು?"

"ಬರೆದುಕೊಟ್ಟಿದ್ದೀರಲ್ಲ ಮೇಡಂ. ಗೋಡೆ ಮೇಲೆ ಹಾಕಿದ್ದೀನಿ."

"ಅದು ಪ್ರೋತ್ಸಾಹಕ್ಕೆ ಅಂತ ಬರೆದಿದ್ದು."

"ಅಂದ್ರೆ ನಿಜ ಅಲ್ವಾ?"

"ನಿಜ ಅಲ್ಲ ಅಂತಲ್ಲ. ಸರ್ಕಾರದವರಿಗೆ ಕೊಡೋಷ್ಟು ನಿಜಾನಾ ಅಂತ ಯೋಚ್ನೆ."

ಮೂರು ದಿನ ಓಡಾಡಿಸಿದ ಮೇಲೆ ಪತ್ರ ಸಿಕ್ಕಿತು. 'ಗ್ರಹಿಸಬಲ್ಲಳು ಎಂದು ನಂಬಲು ಕಾರಣಗಳಿವೆ' ಎಂದು ಅದರಲ್ಲಿತ್ತು. ಕಾರಣಗಳು ಯಾವುವು ಎಂದು ಬರೆದಿರಲಿಲ್ಲ.

ಇನ್ನು ಉಳಿದದ್ದು ತಂದೆತಾಯಿಯ ಸಹಿ. ಕೊನೆಯ ದಿನದ ಹಿಂದಿನ ಮಧ್ಯಾಹ್ನ ಒಪ್ಪಿಗೆ ಪತ್ರ ಹೊಲಿಗೆ ಯಂತ್ರದ ಮೇಲಿತ್ತು. ಗಂಡ ಹೆಂಡತಿ ಅದರ ಎರಡೂ ಬದಿಗೆ ಕೂತಿದ್ದರು.

"ಮುಂದಿನ ತಿಂಗಳ ರೀಡಿಂಗನ್ನ ನಾನು ಈ ತಿಂಗಳೇ ಬರೆದ್ರೆ ಕೆಲಸದಿಂದ ತೆಗೀತಾರೆ," ಎಂದರು ಗಂಡ. "ನೀನು ಬರೆದ್ರೆ ಸೀಟು ಕೊಡ್ತಾರೆ."

"ಹಾಲ್ ಟಿಕೆಟ್ ನೋಡಿದವರು ಯಾರು ರೀ? ಒಂಬತ್ತು ಅಂತ ಇದ್ದದ್ದು ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?"

"ಮೀಟರಲ್ಲಿದ್ರೆ ಬೀಳ್ತಿತ್ತು."

ಟೇಪಕ್ಕನಿಗೆ ನಗು ಬರಲಿಲ್ಲ. ಆ ವಾರವೆಲ್ಲ ಅವರು ಒಂದೇ ಮಾತನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದರು. ಏಳು ಎಂದು ಸರಿಯಾಗಿ ಬರೆದಿದ್ದರೆ ನೂರಿಪ್ಪತ್ತರಲ್ಲಿ ಒಬ್ಬಳಾಗಿ ನೆಮ್ಮದಿಯಿಂದ ಎಂಟಕ್ಕೆ ಹೋಗುತ್ತಿದ್ದಳೇನೋ. ಅಥವಾ ಅಲ್ಲಿ ಸಿಗುತ್ತಲೇ ಇರಲಿಲ್ಲವೇನೋ. ತಾನು ಮಾಡಿದ್ದು ಕೆಡುಕೋ ಒಳಿತೋ ತಿಳಿಯದೆ ತಪ್ಪೊಪ್ಪಿಕೊಳ್ಳುವುದಾದರೂ ಹೇಗೆ? ಕೊನೆಗೆ ಮಗಳನ್ನೇ ಕರೆದರು.

"ನೀನೇ ಹೇಳು. ಅಲ್ಲಿ ಎಲ್ಲರೂ ನಿನಗಿಂತ ದೊಡ್ಡೋರು. ಒಂದು ವಿಷಯದಲ್ಲಿ ಹೋದ್ರೂ ಹೊರಗೆ. ಇಲ್ಲಾಂದ್ರೆ ಪಕ್ಕದ ಸ್ಕೂಲಲ್ಲಿ ಎಂಟಕ್ಕೆ ಹೋಗು, ನಿನ್ನ ಗೆಳತಿಯರೆಲ್ಲ ಇರ್ತಾರೆ."

"ಆ ಪೇಪರಲ್ಲಿ ಒಂದು ಲೆಕ್ಕ ಬರ್ಲೇ ಇಲ್ಲ," ಎಂದಳು ಗುಬ್ಬಿ. "ಅದನ್ನ ಯಾವ ಸ್ಕೂಲಲ್ಲಿ ಹೇಳಿಕೊಡ್ತಾರೆ?"

"ಅದು ನಂಗೆ ಹೇಗೆ ಗೊತ್ತಾಗ್ಬೇಕು?"

"ಮೇಷ್ಟ್ರೇ ಇಲ್ಲದ ಸ್ಕೂಲಲ್ಲಂತೂ ಅಲ್ಲ."

ಗಂಡ ಪೆನ್ನು ಕೊಟ್ಟರು. ಟೇಪಕ್ಕ ಸಹಿ ಮಾಡಿದರು.

ಜೂನಿನಿಂದ ಅಕ್ಟೋಬರಿನವರೆಗೆ ಗುಬ್ಬಿ ಮೊದಲ ಬೆಂಚಿನಲ್ಲಿ ಕೂತಳು, ಹಿಂದೆ ಕೂತರೆ ಕಪ್ಪು ಹಲಗೆ ಕಾಣುತ್ತಿರಲಿಲ್ಲ. ಆ ಶಾಲೆಯಲ್ಲಿ ಯಾರೂ ಯಾರನ್ನೂ ಪ್ರತಿಭಾವಂತರು ಎನ್ನುವುದಿಲ್ಲ, ಎಲ್ಲರೂ ಆರಿಸಿ ಬಂದವರೇ. ಮೊದಲ ಕಿರುಪರೀಕ್ಷೆಯಲ್ಲಿ ಗಣಿತಕ್ಕೆ ಚೆನ್ನಾಗಿ ಬಂತು. ಇತಿಹಾಸಕ್ಕೆ ಇಪ್ಪತ್ತೈದಕ್ಕೆ ಒಂಬತ್ತು ಬಂತು. ಎಂಟನೆಯಲ್ಲಿ ಓದಿರಬೇಕಾದ ರಾಜರು, ಯುದ್ಧಗಳು ಅವಳಿಗೆ ಗೊತ್ತೇ ಇರಲಿಲ್ಲ. ಸಾಮಾನ್ಯ ಶಾಲೆಗೆ ಹೋದ ಹಳೆಯ ಗೆಳತಿಯೊಬ್ಬಳ ಎಂಟನೆಯ ಪುಸ್ತಕವನ್ನು ಶನಿವಾರ ತಂದು ಸೋಮವಾರ ಕೊಡುವ ಏರ್ಪಾಡಾಯಿತು. ಬದಲಿಗೆ ಆ ಹುಡುಗಿಗೆ ಗುಬ್ಬಿ ಗಣಿತ ಹೇಳಿಕೊಡಬೇಕು.

ಅಷ್ಟರಲ್ಲಿ ಅಂಗಡಿಗೆ ಹೊಸ ಬಗೆಯ ಗಿರಾಕಿಗಳು ಬರತೊಡಗಿದರು. ಒಬ್ಬ ತಾಯಿ ಮಗನ ಅಂಗಿಯ ಅಳತೆ ಕೊಡುವ ನೆಪದಲ್ಲಿ ದನಿ ತಗ್ಗಿಸಿದರು.

"ಟೇಪಕ್ಕ, ನಮ್ಮವನದ್ದೂ ಎಂಟು ಅಂತ ಬರೆದುಬಿಡ್ಲಾ? ಚಿಕ್ಕ ಪಟ್ಟಿಯಲ್ಲಿ ಪೈಪೋಟಿ ಕಮ್ಮಿಯಂತಲ್ಲ."

"ಅಯ್ಯೋ, ಅದು ತಪ್ಪಾಗಿ ಬರೆದದ್ದು ಕಣ್ರೀ."

"ಆಯ್ತು ಬಿಡಿ, ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬೇಡ."

ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ತಪ್ಪು ಎಂದು ಹೇಳಿದಷ್ಟೂ ಅದೊಂದು ಗುಟ್ಟು ಎಂದೇ ಬೀದಿಯಲ್ಲಿ ಗಟ್ಟಿಯಾಯಿತು.

ಅರ್ಧವಾರ್ಷಿಕದ ಅಂಕಪಟ್ಟಿ ಬಂದ ದಿನ ಟೇಪಕ್ಕ ಅಂಗಡಿಗೆ ಬೀಗ ಹಾಕಿ ಶಾಲೆಗೆ ಹೋದರು. ಇತಿಹಾಸಕ್ಕೆ ನಲವತ್ತೆರಡು. ಪಾಸಾಗಲು ನಲವತ್ತು ಬೇಕಿತ್ತು. ಗುಮಾಸ್ತರು 'ಪ್ರವೇಶ ಖಾಯಂ' ಎಂಬ ಪತ್ರ ಮುಂದಿಟ್ಟು, ಕಿಟಕಿಯಿಂದ ಮುಖ ಹೊರಚಾಚಿದರು.

"ಈ ಸಲ ಒಂಬತ್ತಕ್ಕೆ ಬಂದ ಅರ್ಜಿಗಳಲ್ಲಿ ಹದಿನಾಲ್ಕು, ಹುಟ್ಟಿದ ತಾರೀಕು ನೋಡಿದ್ರೆ ಏಳನೇ ಕ್ಲಾಸಿನ ಮಕ್ಕಳದ್ದು. ಎಲ್ಲರೂ ನಿಮ್ಮ ಬೀದಿಯವರೇ. ಏನಮ್ಮ ಇದು?"

"ನಂಗೊತ್ತಿಲ್ಲ ಸಾರ್. ನಾನು ಬೇಡ ಅಂತಲೇ ಹೇಳಿದ್ದು."

"ಅಂದ್ರೆ ನಿಮ್ಮ ಮಗಳಿಗೆ ಆಗಿದ್ದು ಸರಿಯಾಗಿಲ್ಲ ಅಂತಾನಾ?"

ಟೇಪಕ್ಕ ಪತ್ರವನ್ನು ಮತ್ತೊಮ್ಮೆ ಓದಿದರು. ಸರಿ ಎಂದರೆ ಆ ಹದಿನಾಲ್ಕು ಮನೆಯವರು ಮಾಡಿದ್ದೂ ಸರಿ ಎಂದಂತೆ. ತಪ್ಪು ಎಂದರೆ ಕೈಯಲ್ಲಿರುವ ಕಾಗದವೇ ತಪ್ಪು. "ಸರಿಯೋ ತಪ್ಪೋ ಸಾರ್, ನಮ್ಮವಳು ಇಲ್ಲೇ ಇರ್ತಾಳೆ ತಾನೇ?" ಎಂದು ಕೇಳಿದರು.

"ಇರ್ತಾಳೆ."

ಸಂಜೆ ಪತ್ರ ನೋಡಿದ ಗುಬ್ಬಿ ಅದನ್ನು ಮಡಚಿಟ್ಟು ಗೆಳತಿಯ ಮನೆಗೆ ಹೊರಡಲು ಎದ್ದಳು. ಇನ್ನು ಪರೀಕ್ಷೆಯ ಭಯವಿಲ್ಲವಲ್ಲ, ಗೆಳತಿಯ ಪುಸ್ತಕ ತರುವುದನ್ನು ನಿಲ್ಲಿಸಬಹುದು ಎಂದರು ತಂದೆ.

"ಯುದ್ಧ ಅರ್ಧಕ್ಕೆ ನಿಂತಿದೆ ಅಪ್ಪ," ಎಂದು ಅವಳು ಚಪ್ಪಲಿ ಮೆಟ್ಟಿದಳು. "ಯಾರು ಗೆದ್ದರು ಅಂತ ಒಂಬತ್ತನೇ ಪುಸ್ತಕದಲ್ಲಿದೆ. ಯಾಕೆ ಶುರುವಾಯ್ತು ಅಂತ ನಂಗಿನ್ನೂ ಗೊತ್ತಾಗಿಲ್ಲ."