ಹುಲಗಲ ಬೀಜ ಮತ್ತು ನನ್ನ ಮುರುಕು ಮರಾಠಿ

ಹೆಂಡತಿ ತೀರಿಕೊಂಡ ಮೇಲೆ ಬಂದ ಮೊದಲ ಬೇಸಿಗೆಯಲ್ಲಿ ನನಗಿದ್ದದ್ದು ಒಂದೇ ಚಿಂತೆ: ಖಾನಾಪುರದ ಕಡೆಯಿಂದ ಬೀಜ ಬರುತ್ತದೋ ಇಲ್ಲವೋ. ಕಾಕತಿಯ ಹತ್ತಿರ ನಮ್ಮದೊಂದು ಸಣ್ಣ ಘಟಕವಿದೆ. ಹೊಂಗೆ ಬೀಜದ ಎಣ್ಣೆ ತೆಗೆದು ಅದರಿಂದ ಬಯೋಡೀಸೆಲ್ ಮಾಡುತ್ತೇವೆ. ಹೊಂಗೆ ಎನ್ನುವುದು ಬರೆಯುವಾಗ ಮಾತ್ರ. ನಮ್ಮ ಬಾಯಲ್ಲಿ ಅದು ಹುಲಗಲ. ಬೀಜ ಕೂಡಿಸಿ ತರುವ ಕೆಲಸವೆಲ್ಲ ಅವಳದಾಗಿತ್ತು. ಹಳ್ಳಿಯ ಹೆಣ್ಣುಮಕ್ಕಳು ಕೊಡುತ್ತಿದ್ದುದು ಅವಳ ಮುಖ ನೋಡಿ, ನನ್ನ ಮುಖ ನೋಡಿ ಅಲ್ಲ.

ಅವಳನ್ನು ಈ ಕೆಲಸಕ್ಕೆ ಎಳೆದದ್ದು ನನ್ನ ಮರಾಠಿ. ಶುರುವಿನಲ್ಲಿ ನಾನು ರವಿವಾರ ಪೇಟೆಯ ಒಬ್ಬನೇ ವ್ಯಾಪಾರಿಯನ್ನು ನೆಚ್ಚಿಕೊಂಡಿದ್ದೆ. ಹೆಚ್ಚು ರೇಟು ಸಿಕ್ಕ ಕಡೆ ಅವನು ಮಾಲು ಸಾಗಿಸಿ, ನನಗೆ ಚಹಾ ಕುಡಿಸಿ ಕಳಿಸಿದ. ಗಾಣ ಸುಮ್ಮನೆ ನಿಂತಿತು. ಆ ಸಿಟ್ಟಿನಲ್ಲಿ, ಹಳ್ಳಿಗೆ ಹೋಗಿ ನಾನೇ ತರುತ್ತೇನೆಂದು ಹೊರಟೆ. ಹೆಂಡತಿಯ ತವರು ಖಾನಾಪುರದ ಆಚೆಯ ಹಳ್ಳಿ, ಮನೆಮಾತು ಮರಾಠಿ. ಹುಲಗಲಕ್ಕೆ ಮರಾಠಿಯಲ್ಲಿ ಕರಂಜ ಅನ್ನುತ್ತಾರೆಂದು ಹೇಳಿಕೊಟ್ಟಳು. ನಮ್ಮ ನಾಲಿಗೆಗೋ ಮನಿ, ಸಾಲಿ, ಬ್ಯಾಳಿ ಎಂದು ಕೊನೆಗೊಂದು ಇಕಾರ ಹಚ್ಚದಿದ್ದರೆ ಸಮಾಧಾನವಿಲ್ಲ. ಅವಳ ಊರಿನ ಹೆಣ್ಣುಮಕ್ಕಳ ಸಂಘದ ಮುಂದೆ ನಿಂತು, ಕರಂಜಿ ಬೇಕು, ಎಷ್ಟಿದ್ದರೂ ಬೇಕು, ಮುಂದಿನ ವಾರ ಗಾಡಿ ತರುತ್ತೇನೆ ಎಂದು ಗಂಭೀರವಾಗಿ ಹೇಳಿ ಬಂದೆ.

ಕರಂಜಿ ಎಂದರೆ ಅವರಿಗೆ ಕೊಬ್ಬರಿ ಸಕ್ಕರೆ ತುಂಬಿ ಕರಿಯುವ ಕರ್ಚಿಕಾಯಿ. ಊರಿನ ಅಳಿಯ ಬಾಯಿಬಿಟ್ಟು ಕೇಳಿದ್ದಾನೆ, ಯಾಕೆಂದು ಯಾರು ಕೇಳುತ್ತಾರೆ? ನಾನು ಖಾಲಿ ಗೋಣಿಚೀಲ ಹೇರಿಕೊಂಡು ಟೆಂಪೊ ಒಯ್ದರೆ, ಅವರು ಡಬ್ಬಿಗಟ್ಟಲೆ ಕರ್ಚಿಕಾಯಿ ಮಾಡಿಟ್ಟು ದಾರಿ ಕಾಯುತ್ತಿದ್ದರು. ದುಡ್ಡು ಕೊಡಹೋದರೆ ಬೈದರು.

ಮನೆಯಲ್ಲಿ ಹೆಂಡತಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ನಗು ತಡೆದು ಕೇಳಿದಳು: "ಅಹೋ, ಇದನ್ನ ಗಾಣಕ್ಕ ಹಾಕಿದ್ರ ಎಷ್ಟ್ ಡೀಸೆಲ್ ಬರ್ತೈತ್ರಿ?"

ನಾನು ಮುಖ ಊದಿಸಿಕೊಂಡು ಕೂತೆ.

"ನಾಳಿಂದ ನಾನೂ ಬರ್ತೀನಿ. ನೀವು ಗಾಡಿ ಹೊಡೀರಿ, ಬಾಯಿ ತೆರೀಬ್ಯಾಡ್ರಿ" ಎಂದಳು.

ಹಾಗೇ ಆಯಿತು. ನಾನು ಗಾಡಿ ಹೊಡೆದೆ, ಅವಳು ಮಾತಾಡಿದಳು. ನನ್ನ ಬದುಕಿನಲ್ಲಿ ಅಷ್ಟು ಚೊಲೊ ದಿನಗಳು ಮತ್ತೆ ಬರಲಾರವು. ಒಂದೇ ಊರನ್ನು, ಒಂದೇ ಗೋದಾಮನ್ನು ನೆಚ್ಚಬಾರದೆಂದು ಅವಳ ಹಟ. ಸುತ್ತಿನ ಊರುಗಳಲ್ಲೆಲ್ಲ ಮನೆಮನೆಯ ಅಟ್ಟದ ಮೇಲೆ, ಒಲೆಯ ಹೊಗೆ ತಾಗುವ ಕಡೆ ಚೀಲ ಇಡಿಸಿದಳು. ಮಳೆಗೆ ಹಳ್ಳ ಬಂದು ಒಂದು ಊರಿನ ದಾರಿ ಕಟ್ಟಾದರೆ ಇನ್ನೊಂದು ಊರು ಕೊಡಬೇಕು. ಕಾಯಿ ಒಡೆಯುವುದು, ಒಣಗಿಸುವುದು, ತೂಗುವುದು, ಯಾವ ಕೆಲಸವೂ ಒಬ್ಬರ ಕೈಯಲ್ಲಷ್ಟೇ ಉಳಿಯದಂತೆ ಕಲಿಸಿದಳು. "ಯಾರರ ಒಬ್ರು ಇಲ್ಲಂತ ಕೆಲಸ ನಿಂದರಬಾರದ್ರಿ" ಎನ್ನುತ್ತಿದ್ದಳು. ಸಂಜೆ ತಿರುಗಿ ಬರುವಾಗ ಅವಳ ಸೀರೆಯ ತುಂಬ ಆ ಬೀಜದ ಕಹಿ ವಾಸನೆ. ಕಿಟಕಿ ತೆಗೆ ಎಂದು ನಾನು ಗೊಣಗುತ್ತಿದ್ದೆ. ಈಗ ಘಟಕದಲ್ಲಿ ಅದೇ ವಾಸನೆ ಮೂಗಿಗೆ ಬಡಿದರೆ ಕೈಯಲ್ಲಿದ್ದುದನ್ನು ಬಿಟ್ಟು ನಿಂತುಬಿಡುತ್ತೇನೆ. ಅವಳು ಬೇಕು ಅನ್ನಿಸುತ್ತದೆ, ಅಷ್ಟೇ.

ಕಳೆದ ಮಳೆಗಾಲದಲ್ಲಿ ಜ್ವರವೆಂದು ಮಲಗಿದವಳು ಏಳಲಿಲ್ಲ. ಬೇಸಿಗೆ ಬಂದಾಗ ನಾನೊಬ್ಬನೇ ಗಾಡಿ ತೆಗೆದೆ. ಈ ವರ್ಷ ಯಾರೂ ಕಾಯಿ ಆರಿಸಿರಲಿಕ್ಕಿಲ್ಲ, ಕೈಕಾಲು ಹಿಡಿಯಬೇಕಾದೀತು ಎಂದು ದಾರಿಯುದ್ದಕ್ಕೂ ಮರಾಠಿ ಮಾತು ಜೋಡಿಸುತ್ತ ಹೋದೆ.

ಊರ ಮುಂದೆ ಚೀಲಗಳು ಸಾಲಾಗಿ ನಿಂತಿದ್ದವು. ತೂಗಿ, ಬಾಯಿ ಹೊಲಿದು ಆಗಿತ್ತು. ಹೆಂಡತಿಯ ಚಿಕ್ಕಪ್ಪನ ಮಗಳು ಮುಂದೆ ನಿಂತು ಎಲ್ಲ ನಡೆಸುತ್ತಿದ್ದಳು. ಅಕ್ಕನ ಗಂಡನಾದ್ದರಿಂದ ನಾನು ಅವಳಿಗೆ ದಾಜಿ. ನಾನು ಜೋಡಿಸಿಕೊಂಡ ಮರಾಠಿ ಬಾಯಿಂದ ಹೊರಡುವ ಮೊದಲೇ ಅವಳು ಅಕ್ಕನಿಂದ ಕಲಿತ ಕನ್ನಡದಲ್ಲಿ ಶುರು ಮಾಡಿದಳು.

"ದಾಜಿ, ಕುಂದರ್ರಿ. ಆಜುಬಾಜು ಊರಿನ ಮಾಲೂ ತಯಾರ್ ಐತಿ. ಏನೂ ಕಡಿಮಿ ಬಿದ್ದಿಲ್ರಿ."

ಸಂತೋಷಪಡಬೇಕಿತ್ತು. ಗಾಣ ನಿಲ್ಲುವುದಿಲ್ಲ, ಘಟಕ ಮುಚ್ಚುವುದಿಲ್ಲ. ನನಗೆ ಬಂದದ್ದು ಸಿಟ್ಟು. ಒಂದು ಚೀಲದ ಹೊಲಿಗೆ ಕಿತ್ತು, ಬೀಜ ಹಸಿ ಇದೆ, ಇದನ್ನೆಲ್ಲ ಯಾರು ಒಯ್ಯುತ್ತಾರೆ ಎಂದು ಕೂಗಾಡಿದೆ. ಬೀಜ ಚೆನ್ನಾಗಿ ಒಣಗಿತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಅವಳು ನನ್ನ ಮುಖವನ್ನೇ ನೋಡಿ ಮೆತ್ತಗೆ ಕೇಳಿದಳು: "ಅಕ್ಕ ಇಲ್ಲಂತ ನಾವು ಈ ವರ್ಷ ಬಿಟ್ಟಬಿಟ್ಟಿದ್ರ ನಿಮಗ ಚೊಲೊ ಅನಸ್ತಿತ್ತೇನ್ರಿ?"

"ಹೌದು" ಎಂದೆ. "ಒಂದು ವಾರರ ಕೆಲಸ ನಿಂದರಬೇಕಿತ್ತವ್ವಾ."