ತಟ್ಟೆಯಂಚಿನ ತುತ್ತು

ಊಟದ ಕೊನೆಗೆ ತಟ್ಟೆಯ ಅಂಚಿನಲ್ಲಿ ಒಂದು ತುತ್ತು ಮೊಸರನ್ನ ಉಳಿಸಿ, ಅದನ್ನು ನೋಡುತ್ತ ಸುಮ್ಮನೆ ಕೂಡುವುದು ಮೊನ್ನೆಮೊನ್ನೆಯವರೆಗೂ ನನ್ನ ಚಟವಾಗಿತ್ತು. “ಅದನ್ನ ಯಾರಿಗಿ ಇಟ್ಟೀರಿ? ನಮ್ಮನ್ಯಾಗ ಬೆಕ್ಕೂ ಇಲ್ಲ,” ಎಂದು ನನ್ನಾಕೆ ಸಾವಿತ್ರಿ ದಿನವೂ ಛೇಡಿಸುತ್ತಿದ್ದಳು. ಹೊಟ್ಟೆ ತುಂಬಿತೆಂದಲ್ಲ, ರುಚಿ ಕೆಟ್ಟಿತೆಂದೂ ಅಲ್ಲ. ಆ ತುತ್ತಿನ ಹಿಂದೆ ಒಂದು ಸಂಗೀತವಿತ್ತು ಎಂದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ, ನಗುತ್ತಲೇ ಕೇಳಿ.

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಕಾರ್ಖಾನೆ ನನ್ನದು. ವಾರವಿಡೀ ಹೊಲಿಗೆ ಯಂತ್ರಗಳ ಗರಗರ ಕೇಳಿ ಕಿವಿ ಜಡ್ಡುಗಟ್ಟಿದವನಿಗೆ ಶನಿವಾರದ ಸಂಜೆ ಎಂದರೆ ಕಂಟೋನ್ಮೆಂಟಿನ ಹಳೆಯ ಹೋಟೆಲಿನ ಬಾರು. ಕುಡಿಯುವುದಕ್ಕಲ್ಲ ಎಂದರೆ ಸುಳ್ಳಾದೀತು. ಕುಡಿಯುವುದಕ್ಕಷ್ಟೇ ಅಲ್ಲ ಎನ್ನೋಣ. ಅಲ್ಲಿ ಮೂವರು ಸೇರಿ ಜಾಝ್ ನುಡಿಸುತ್ತಿದ್ದರು. ಸಿರುಗುಪ್ಪದ ಹನುಮಂತಪ್ಪನವರು ಮದುವೆ ಬ್ಯಾಂಡಿನ ಮನೆತನದವರು, ಕ್ಲಾರಿನೆಟ್ ಅವರದು. ಹೋಟೆಲಿನ ಮಗ್ಗುಲಲ್ಲೇ ಮನೆಯಿದ್ದ ಪೀಟರ್ ಅವರದು ಪಿಯಾನೊ. ಕುರುಗೋಡಿನ ಖಾಜಾಸಾಬರದು ಡ್ರಮ್ಮು. ಬಾರಿಗೂ ಫ್ಯಾಮಿಲಿ ವಿಭಾಗಕ್ಕೂ ನಡುವೆ ಅರ್ಧ ಗೋಡೆಯಷ್ಟೇ ಇದ್ದು ವಾದ್ಯ ಅತ್ತಲೂ ಕೇಳುತ್ತಿದ್ದುದರಿಂದ, ಬರಬರುತ್ತ ಸಾವಿತ್ರಿಯೂ ನನ್ನ ಜೊತೆ ಬರತೊಡಗಿದಳು, ನಾನು ಗ್ಲಾಸು ಬಿಟ್ಟು ಊಟಕ್ಕೆ ಬಂದೆ.

ಜಾಝ್ ಎಂದರೇನೆಂದು ಮಾತ್ರ ನನ್ನನ್ನು ಕೇಳಬೇಡಿ. ಒಬ್ಬರು ಮಾತು ತೆಗೆಯುತ್ತಾರೆ, ಇನ್ನೊಬ್ಬರು ಅದಕ್ಕೆ ಬಾಲಂಗೋಚಿ ಕಟ್ಟುತ್ತಾರೆ, ಮೂರನೆಯವರು ಹೌದು ಹೌದು ಎನ್ನುತ್ತಲೇ ದಾರಿ ತಪ್ಪಿಸುತ್ತಾರೆ. ಅಯ್ಯೋ ಇವರು ಎಲ್ಲಿ ಹೋಗಿಬಿಟ್ಟರಪ್ಪಾ ಎಂದು ನಾವು ಗಾಬರಿಯಾಗುವಷ್ಟರಲ್ಲಿ ಮೂವರೂ ಹೊರಟ ಜಾಗಕ್ಕೇ ಬಂದು ನಿಂತಿರುತ್ತಾರೆ. ದೂರದೇಶದ ಆ ಸಂಗೀತಕ್ಕೆ ಹನುಮಂತಪ್ಪನವರ ಉಸಿರಿನಲ್ಲಿ ಬೀಗರನ್ನು ಎದುರುಗೊಳ್ಳುವ ಗತ್ತು ಕೂಡ ಬಂದುಬಿಟ್ಟಿತ್ತು.

ಬ್ಯಾಂಡಿನ ಮನೆಯಿಂದ ಅವರು ತಂದ ಪದ್ಧತಿ ಇನ್ನೊಂದಿತ್ತು. ಮದುವೆಯ ಪಂಕ್ತಿಯಲ್ಲಿ ಕೊನೆಯವರು ಎಲೆ ಮಡಚುವವರೆಗೆ ವಾದ್ಯ ನಿಲ್ಲಬಾರದೆಂದು ಅವರ ತಂದೆ ಕಲಿಸಿದ್ದರಂತೆ. ಹೋಟೆಲಿನಲ್ಲೂ ಅಷ್ಟೇ: ಯಾರದೇ ತಟ್ಟೆಯಲ್ಲಿ ಅನ್ನ ಕಂಡರೆ ಕ್ಲಾರಿನೆಟ್ ಕೆಳಗಿಳಿಯುತ್ತಿರಲಿಲ್ಲ. ಈ ಗುಟ್ಟು ತಿಳಿದ ದಿನದಿಂದ ನನ್ನ ತಟ್ಟೆಯಂಚಿನಲ್ಲಿ ಒಂದು ತುತ್ತು ಉಳಿಯತೊಡಗಿತು. ಆ ಒಂದು ತುತ್ತಿಗೆ ಇನ್ನೊಂದು ಹಾಡು ಸಿಗುತ್ತಿತ್ತು ನೋಡಿ! ಶನಿವಾರದ ಆ ಚಟ ಬರಬರುತ್ತ ಮನೆಯ ತಟ್ಟೆಗೂ ಅಂಟಿಕೊಂಡಿತು.

ಈ ವರ್ಷ ಹನುಮಂತಪ್ಪನವರ ಎದೆ ಸೋತಿತು. ಊದುವುದನ್ನು ಬಿಡಿ ಎಂದರು ಡಾಕ್ಟರು. ಬೇರೆಯವರನ್ನು ಹುಡುಕೋಣವೆಂದು ಹೋಟೆಲಿನವರು ಕೇಳಿದ್ದಕ್ಕೆ, “ಅಂವ ಊದದಿದ್ರ ನಾ ಯಾರ ಬೆನ್ನು ಹತ್ತಿ ಬಾರಿಸ್ಲಿ?” ಎಂದರಂತೆ ಖಾಜಾಸಾಬರು. ಪೀಟರ್ ಪಿಯಾನೊದ ಮುಚ್ಚಳ ಹಾಕಿ ಆ ಮಾತಿಗೆ ಹೌದೆಂದು ತಲೆಯಾಡಿಸಿದರಂತೆ. ಹೀಗೆ ಮೂವರೂ ಒಟ್ಟಿಗೇ ನಿಲ್ಲಿಸುವುದೆಂದು ಒಂದು ಕೊನೆಯ ಶನಿವಾರ ನಿಗದಿಯಾಯಿತು.

ಅಂದು ಕುರ್ಚಿ ಸಿಗುವುದೇ ಕಷ್ಟವಾಗಿತ್ತು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಆದರೂ ಊಟ ಮುಗಿಯುತ್ತ ಬಂದಂತೆ ಪ್ರತಿ ತಟ್ಟೆಯಲ್ಲೂ ಒಂದೊಂದು ತುತ್ತು ಉಳಿದಿತ್ತು. ನನ್ನ ಗುಟ್ಟು ಊರಿಗೆಲ್ಲ ಗೊತ್ತಿತ್ತೆಂಬುದು ನನಗೆ ತಿಳಿದದ್ದೇ ಆಗ. ಹನುಮಂತಪ್ಪನವರು ಸುತ್ತ ಕಣ್ಣಾಡಿಸಿ ನಕ್ಕರು. “ಉಣ್ಣ್ರಿ ಮಾರಾಯ್ರ, ಅನ್ನ ಆರಾಕತ್ತೇತಿ!” ಎಂದು ಮತ್ತೆ ಊದಿದರು. ಮತ್ತೊಂದು. ಮತ್ತೊಂದು. ಜನ ಚಪ್ಪಾಳೆ ತಟ್ಟಿದರೇ ಹೊರತು ಚಮಚ ಮುಟ್ಟಲಿಲ್ಲ.

ನಾವು ಆ ಅರ್ಧ ಗೋಡೆಯ ಪಕ್ಕದಲ್ಲೇ ಕೂತಿದ್ದೆವು. ಹಾಡಿನ ನಡುನಡುವೆ ಅವರು ಕುರ್ಚಿಯ ಬೆನ್ನು ಹಿಡಿದುಕೊಳ್ಳುವುದು, ಅವರಿಗೆ ದಣಿವಾರಲೆಂದು ಪೀಟರ್ ತಮ್ಮ ಸರದಿಯನ್ನು ಉದ್ದ ಮಾಡುವುದು, ಖಾಜಾಸಾಬರು ಕೈ ಡ್ರಮ್ಮಿನ ಕೋಲಿನ ಮೇಲಿದ್ದರೂ ಕಣ್ಣನ್ನು ಗೆಳೆಯನ ಎದೆಯ ಮೇಲಿಟ್ಟಿರುವುದು ನಮಗೆ ಕಾಣುತ್ತಿತ್ತು. ತಟ್ಟೆಯಲ್ಲಿ ಅನ್ನವಿರುವಷ್ಟು ಹೊತ್ತು ಆ ಮನುಷ್ಯ ನಿಲ್ಲಿಸುವವರಲ್ಲ. ನಮ್ಮ ಪ್ರೀತಿಯೇ ಅವರ ಉಸಿರನ್ನು ಹಿಂಡುತ್ತಿದೆಯಲ್ಲ ಎಂದು ನನಗೆ ಸಂಕಟವಾಯಿತು. ಆದರೂ ಕೈ ಮುಂದೆ ಹೋಗಲೊಲ್ಲದು. ಈ ತುತ್ತು ಹೋದರೆ ಎಲ್ಲವೂ ಹೋದಂತೆ.

ಸಾವಿತ್ರಿ ನನ್ನ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. “ಉಣ್ಣ್ರಿ,” ಎಂದಳು. “ದಮ್ಮು ಹತ್ತೇತಿ ಅವರಿಗಿ.”

ಉಂಡೆ. ಸಿರುಗುಪ್ಪದ ಕಡೆಯ ಅಕ್ಕಿಯ ಅನ್ನ ಅದು. ಅಷ್ಟು ಮೆತ್ತಗಿನ ತುತ್ತನ್ನು ನುಂಗಲು ಅಷ್ಟು ಕಷ್ಟಪಟ್ಟದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಆಮೇಲೆ ಎದ್ದು ನಿಂತು ಖಾಲಿ ತಟ್ಟೆಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದೆ. ಒಂದು ಕ್ಷಣ ಜನ ನನ್ನನ್ನು ಕೆಕ್ಕರಿಸಿ ನೋಡಿದರು, ಬಳಿಕ ಕ್ಲಾರಿನೆಟ್ಟಿನತ್ತ ನೋಡಿದರು, ಅರ್ಥವಾಯಿತು. ಒಂದೊಂದೇ ಮೇಜಿನಿಂದ ಚಮಚದ ಸದ್ದು ಕೇಳತೊಡಗಿತು. ಮೂವರೂ ಹಾಡನ್ನು ನಿಧಾನಕ್ಕೆ ಹೊರಟ ಜಾಗಕ್ಕೆ ಕರೆತಂದು ಇಳಿಸಿದರು.

ಹನುಮಂತಪ್ಪನವರು ಹೊರಡುವಾಗ ನಮ್ಮ ಮೇಜಿನ ಹತ್ತಿರ ನಿಂತರು. “ಹೊಟ್ಟಿ ತುಂಬ್ತೇನ್ರಿ?”

“ತುಂಬ್ತ್ರಿ ಅಣ್ಣಾರ,” ಎಂದೆ. ಕೈ ಮುಗಿದೆ. ಎಷ್ಟೋ ಶನಿವಾರಗಳ ಋಣಕ್ಕೆ ಅದಕ್ಕಿಂತ ದೊಡ್ಡ ಮಾತು ನನ್ನಲ್ಲಿರಲಿಲ್ಲ.

ಈಗ ನನ್ನ ತಟ್ಟೆ ದಿನವೂ ಖಾಲಿಯಾಗುತ್ತದೆ. ಸಾವಿತ್ರಿಗೆ ಛೇಡಿಸಲು ಏನೂ ಉಳಿದಿಲ್ಲ. ಶನಿವಾರ ಸಂಜೆ ಮಾತ್ರ ನಾನು ಕೊನೆಯ ತುತ್ತನ್ನು ಬಾಯಿಗಿಟ್ಟು ಕಣ್ಣು ಮುಚ್ಚುತ್ತೇನೆ, ಅದು ಕರಗುವವರೆಗೂ ಅವಳು ತಟ್ಟೆ ಎತ್ತುವುದಿಲ್ಲ.