ಕಿವಿಗೆ ಹಿಡಿದ ಬ್ಲೇಡು

ನಮ್ಮ ಯಜಮಾನರಿಗೆ ಪೇಟೆಯ ಬಡಗಿಗಳೆಲ್ಲ ಸೇರಿ ಇಟ್ಟ ಹೆಸರು ಕಿವಿಯಣ್ಣ. ಕಿವಿ ದೊಡ್ಡದೆಂದು ಅಲ್ಲ, ಗರಗಸದ ಬ್ಲೇಡನ್ನು ಕಿವಿಯಿಂದ ಆರಿಸುತ್ತಾರೆಂದು. ಬ್ಲೇಡಿನ ನಡುವಿನ ತೂತಿಗೆ ತೋರುಬೆರಳು ತೂರಿಸಿ ನೇತುಹಾಕಿ, ಇನ್ನೊಂದು ಕೈಯ ಗೆಣ್ಣಿನಿಂದ ಒಮ್ಮೆ ತಟ್ಟಿ, ಕಣ್ಣು ಮುಚ್ಚಿ ಕಿವಿಯ ಹತ್ತಿರ ಹಿಡಿಯುತ್ತಾರೆ. ಗಟ್ಟಿ ಬ್ಲೇಡಾದರೆ "ಣಿಂ" ಎಂದು ಬಹಳ ಹೊತ್ತು ಹಾಡುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ "ಠಪ್" ಎಂದು ಅಲ್ಲೇ ಸಾಯುತ್ತದೆ. ಬೇರೆ ಬಡಗಿಗಳೂ ತಮ್ಮ ಬ್ಲೇಡು ತಂದು, "ಅಣ್ಣಾ, ಇದನ್ನೂ ಸ್ವಲ್ಪ ಕೇಳಿ" ಎಂದು ಇವರ ಮುಂದೆ ನಿಲ್ಲುವುದುಂಟು. ಆಗ ಇವರ ಮುಖ ನೋಡಬೇಕು, ಜಡ್ಜ್ ಸಾಹೇಬರು ತೀರ್ಪು ಕೊಡಲು ಕೂತ ಹಾಗೆ.

ನಾನು ಇವರ ಹೆಂಡತಿ. ಅದೇ ಷೆಡ್ಡಿನಲ್ಲಿ ಪಾಲಿಶ್ ಕೆಲಸ ನನ್ನದು. ಬಾಯಿ ಜೋರು ಅಂತ ಹೆಸರಿದೆ, ಇರಲಿ. ಮದುವೆಯಾದಾಗಿನಿಂದ ಮಿಷನ್ನಿನ ಗದ್ದಲದಲ್ಲೇ ಮಾತಾಡಿದವಳ ಬಾಯಿ ಜೋರಾಗದೆ ಇನ್ನೇನಾಗುತ್ತದೆ?

ಅವತ್ತು ಬೆಳಿಗ್ಗೆ ಮೂಲೆ ಮಿಷನ್ನಿನ ಬ್ಲೇಡು ಹೋಯಿತು. ಚೌಕಟ್ಟಿನ ಮೂಲೆಗಳು ಕೂಡುವಂತೆ ಮರವನ್ನು ಓರೆಯಾಗಿ ಕೊಯ್ಯುವ ಮಿಷನ್ನದು. ತಿರುಗುವ ಬ್ಲೇಡನ್ನು ಹಿಡಿಕೆ ಹಿಡಿದು ಮೇಲಿನಿಂದ ಮರಕ್ಕೆ ಇಳಿಸಬೇಕು. ಕೊಯ್ಯುತ್ತಿದ್ದುದು ಒಂದು ಹಳೇ ಸಭಾಂಗಣದ ತೊಲೆಗಳನ್ನು. ಅದನ್ನು ರಿಪೇರಿ ಮಾಡಿಸುತ್ತಿದ್ದ ಗುತ್ತಿಗೆದಾರನಿಗೆ ಕಿಟಕಿ ಚೌಕಟ್ಟುಗಳು ಅದೇ ಮರದಲ್ಲೇ ಆಗಬೇಕಿತ್ತು. ಹಳೇ ಮರದಲ್ಲಿ ಮುರಿದ ಮೊಳೆಗಳು ಹುದುಗಿರುತ್ತವೆ. ನಮ್ಮವರು ಅದಕ್ಕೆಲ್ಲ ಜಗ್ಗುವವರಲ್ಲ. ಹಲ್ಲು ಮೊಳೆಯನ್ನು ಸವರಿದ ಕೂಡಲೇ ಸದ್ದು ಬದಲಾಗುತ್ತದೆ, ಅಷ್ಟರಲ್ಲಿ ಇವರ ಕೈ ತಾನಾಗಿ ಮೇಲೆದ್ದಿರುತ್ತದೆ. ಅವತ್ತು ಏಳಲಿಲ್ಲ. ಇಡೀ ಷೆಡ್ಡು ಕಿರ್ರೋ ಎಂದು ಕಿರುಚಿಕೊಂಡರೂ ಇವರು ಒತ್ತುತ್ತಲೇ ಇದ್ದರು. ಬ್ಲೇಡಿನ ಹಲ್ಲು ಹಾರಿ ನನ್ನ ಪಾಲಿಶ್ ಡಬ್ಬಿಗೆ ಬಡಿಯಿತು.

"ಜ್ಞಾನ ಎಲ್ಲಿತ್ತು ನಿಮ್ದು?" ಎಂದು ಕೂಗಿದೆ. ಇವರು ಮಾತಾಡದೆ ಬ್ಲೇಡು ಬಿಚ್ಚತೊಡಗಿದರು. ಕೆಲವು ಕಾಲದಿಂದ ಹೀಗೇ ಆಗಿತ್ತು. ನಾನು ಹತ್ತು ಮಾತಾಡಿದರೆ ಒಂದಕ್ಕೆ ಉತ್ತರ, ಅದೂ ನಾನು ಎದುರಿಗೆ ಹೋಗಿ ನಿಂತರೆ. ವಯಸ್ಸಾಗುತ್ತಾ ಗಂಡಸರಿಗೆ ಹೆಂಡತಿ ಮಾತು ಬೇಡವಾಗುತ್ತದೆ ಎಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ.

ಸಂಜೆಯೊಳಗೆ ಚೌಕಟ್ಟುಗಳು ಬೇಕೆಂದು ಗುತ್ತಿಗೆದಾರ ಹೇಳಿದ್ದ. ಹಾಗಾಗಿ ಇಬ್ಬರೂ ಆಗಲೇ ಬ್ಲೇಡಿನ ಅಂಗಡಿಗೆ ಹೊರಟೆವು. ಗರಗಸಗಳ ಹಲ್ಲು ಕಟ್ಟಿ, ಮಸೆದು ಕೊಡುವವನಾದ್ದರಿಂದ ಅಂಗಡಿಯವನಿಗೆ ಹಲ್ಲು ಡಾಕ್ಟರ್ ಎಂದೇ ಹೆಸರು. ಅವನ ಸ್ವಂತ ಬಾಯಲ್ಲಿ ಮುಂದಿನ ಹಲ್ಲು ಎರಡಿಲ್ಲ, ಅದು ಬೇರೆ ಮಾತು.

ನಾವು ಹೋದಾಗ ಹಲ್ಲು ಡಾಕ್ಟರ್ ಇನ್ನೊಬ್ಬ ಗಿರಾಕಿಯ ಜೊತೆ ಚರ್ಚೆಯಲ್ಲಿದ್ದ. ಗೋಡೆಯ ತುಂಬ ಬ್ಲೇಡುಗಳು ನೇತಾಡುತ್ತಿದ್ದವು. ಇವರು ಸರಸರ ಆರಿಸಿದರು. ತೂತಿನ ಅಳತೆ ಮಿಷನ್ನಿಗೆ ಸರಿಯಾಗಿರಬೇಕು. ದೊಡ್ಡ ತೂತಿಗೆ ಒಳಗಿನಿಂದ ಬಳೆ ತುರುಕಿ ಹೊಂದಿಸುವ ಕೆಲಸ ಇವರಿಗಾಗದು. ಹಲ್ಲು ಒತ್ತೊತ್ತಾಗಿರಬೇಕು, ಇಲ್ಲದಿದ್ದರೆ ಮೂಲೆ ಸಿಗಿದುಕೊಳ್ಳುತ್ತದೆ. ಹಲ್ಲು ಮುಂದಕ್ಕೆ ಬಾಗಿರಬಾರದು, ಬಾಗಿದ್ದರೆ ಬ್ಲೇಡು ಮರವನ್ನು ಕಚ್ಚಿಕೊಂಡು ಕೈಯನ್ನೂ ಎಳೆದುಕೊಳ್ಳುತ್ತದೆ. ಅದನ್ನೆಲ್ಲ ಕಣ್ಣಿನಿಂದಲೇ ತೂಗಿ, ದಪ್ಪ ತಗಡಿನ, ಹೊಸದಾಗಿ ಹಲ್ಲು ಕಟ್ಟಿದ ಹಳೇ ಬ್ಲೇಡೊಂದನ್ನು ಇಳಿಸಿದರು. ತೆಳ್ಳಗಿನ ಹೊಸ ಬ್ಲೇಡುಗಳನ್ನು ಕಂಡರೆ ಇವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಬೆರಳಿಗೆ ತೂಗಿಸಿದರು. ತಟ್ಟಿದರು. ಠಪ್.

ನನಗೆ ಸ್ಪಷ್ಟವಾಗಿ ಕೇಳಿಸಿತು. ಒಡೆದ ಮಡಕೆಗೆ ಬಡಿದ ಹಾಗೆ. ಇವರು ಕಣ್ಣು ಮುಚ್ಚಿ, ಕಿವಿಗೆ ಹಿಡಿದು, ನಿಧಾನವಾಗಿ ತಲೆದೂಗಿದರು. ಮುಖದಲ್ಲಿ ಅದೇ ಜಡ್ಜ್ ಸಾಹೇಬರ ಕಳೆ. "ಇದೇ ಆಗ್ಲಿ" ಎಂದರು.

ತಮಾಷೆಯೇನೋ ಎಂದು ಮುಖ ನೋಡಿದೆ. ತಮಾಷೆಯಲ್ಲ. ಬಾಯಿ ತೆರೆದವಳು ಸುತ್ತ ನೋಡಿದೆ. ಸೋಫಾ ಮಾಡುವವನಿದ್ದ, ಬಾಗಿಲು ಮಾಡುವವನಿದ್ದ, ಎಲ್ಲರೂ ಇವರನ್ನು ಅಣ್ಣಾ ಅಣ್ಣಾ ಎನ್ನುವವರೇ. ಇವರಿಗೆ ಕಿವಿ ಕೇಳಿಸದೆಂದು ಇಲ್ಲಿ ನನ್ನ ಬಾಯಿಂದ ಬಿದ್ದರೆ ಮುಗಿಯಿತು, ನಾಳೆಯಿಂದ ಇವರ ಕೈಗೆ ಮರ ಕೊಡುವವರಿರುವುದಿಲ್ಲ. ಸುಮ್ಮನಿದ್ದರೆ ಆ ಬ್ಲೇಡು ಮಿಷನ್ನಿನಲ್ಲಿ ಚೂರಾಗಿ ಇವರ ಮುಖಕ್ಕೇ ಹಾರುತ್ತದೆ.

"ಅದು ಬೇಡ ರೀ, ಆ ಹೊಸದು ತಗೊಳ್ಳಿ" ಎಂದೆ, ತೋಳು ಎಳೆದು.

"ನಿಂಗೇನೇ ಗೊತ್ತು ಬ್ಲೇಡಿನ ವಿಷ್ಯ? ಪಾಲಿಶ್ ನೋಡ್ಕೋ ಹೋಗು" ಎಂದರು. ಅಂಗಡಿಯಲ್ಲಿ ಎಲ್ಲರೂ ನಕ್ಕರು. ಬ್ಲೇಡು ಕಾಗದದಲ್ಲಿ ಸುತ್ತಿಕೊಂಡು ಹೊರಟೇ ಬಿಟ್ಟರು.

ದಾರಿಯಲ್ಲಿ ಬೇಕೆಂದೇ ಹಿಂದೆ ಉಳಿದೆ. ಇನ್ನೂ ನನಗೆ ನಂಬಿಕೆ ಬಂದಿರಲಿಲ್ಲ. ಇವರಿಗೆ ಅಕ್ಕ ಎಂದರೆ ಪಂಚಪ್ರಾಣ. ಅಕ್ಕನ ಸುದ್ದಿಗೆ ಹೋದರೆ ಉಣ್ಣುವ ತಟ್ಟೆ ಬಿಟ್ಟು ಏಳುವ ಮನುಷ್ಯ. ಇವರ ಬೆನ್ನ ಹಿಂದೆಯೇ ನಡೆಯುತ್ತಾ ಗಟ್ಟಿಯಾಗಿ ಅಂದೆ, "ನಿಮ್ಮಕ್ಕನಂಥ ಜಿಪುಣಿ ಈ ಭೂಮಿ ಮೇಲಿಲ್ಲ. ಅವ್ರು ಮಾಡಿದ ಅಡುಗೆ ನಾಯಿನೂ ಮೂಸಲ್ಲ."

ಎದುರಿಂದ ಬರುತ್ತಿದ್ದ ಹೆಂಗಸೊಬ್ಬಳು ಬೆಚ್ಚಿ ನನ್ನನ್ನು ನೋಡಿದಳು. ಇವರು ಆರಾಮಾಗಿ ಬ್ಲೇಡು ಬಗಲಲ್ಲಿ ಇಟ್ಟುಕೊಂಡು ನಡೆಯುತ್ತಲೇ ಇದ್ದರು. ಅಯ್ಯೋ ದೇವರೇ, ಇವರೊಂದು ಸಲ ತಿರುಗಿ ನನ್ನ ಕೆನ್ನೆಗೆ ಬಾರಿಸಬಾರದೇ ಎನ್ನಿಸಿತು.

ಓಡಿಹೋಗಿ ಅಡ್ಡ ನಿಂತು, "ಬ್ಲೇಡಲ್ಲಿ ಬಿರುಕಿದೆ. ನಂಗೆ ಕೇಳಿಸ್ತು" ಎಂದೆ.

ಇವರು ನನ್ನ ತುಟಿಯನ್ನೇ ನೋಡುತ್ತಿದ್ದುದು ಆಗ ಗೊತ್ತಾಯಿತು. "ಇಷ್ಟು ವರ್ಷ ನಾನ್ ಕೇಳಿದ್ದು ಸುಳ್ಳು, ಇವತ್ತು ನೀನ್ ಕೇಳಿದ್ದು ನಿಜ, ಅಲ್ವಾ?" ಎಂದು ನನ್ನನ್ನು ಸರಿಸಿಕೊಂಡು ಮುಂದೆ ಹೋದರು. ಹೆದರಿದವರ ಕೋಪ ಅದು. ನನಗೆ ಅದು ತಿಳಿಯದೆ ಇರುತ್ತದೆಯೇ?

ಷೆಡ್ಡಿನಲ್ಲಿ ಗುತ್ತಿಗೆದಾರ ತೊಲೆಗಳ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ. "ಏನ್ ಕಿವಿಯಣ್ಣ, ಇನ್ನೂ ಶುರುನೇ ಆಗಿಲ್ವಲ್ರೀ" ಎಂದ. ಇವರು ಅವನ ಮುಖ ನೋಡಿ ನಕ್ಕು, ಮಿಷನ್ನಿನ ಮುಂದೆ ಕೂತರು. ಕವಚ ಎತ್ತಿದರು. ಬ್ಲೇಡು ಕೂರಿಸಿದರು, ವಾಷರು ಇಟ್ಟರು, ಈ ಮಿಷನ್ನಿಗೆ ಬೇಕಾದಂತೆ ಬೋಲ್ಟನ್ನು ಉಲ್ಟಾ ದಿಕ್ಕಿಗೆ ತಿರುಗಿಸಿ ಬಿಗಿದರು. ಮಾಡುವ ಕೆಲಸದಲ್ಲಿ ಒಂದಿಷ್ಟೂ ತಪ್ಪಿಲ್ಲ. ಬಿಚ್ಚಿಟ್ಟಿದ್ದ ಮಿಷನ್ನಿನ ಪ್ಲಗ್ಗನ್ನು ಎತ್ತಿ ನಾನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಪ್ಲಗ್ ಹಾಕು" ಎಂದರು ಇವರು.

"ಹಾಕಲ್ಲ."

"ಏನಮ್ಮಾ ಇದು?" ಎಂದ ಗುತ್ತಿಗೆದಾರ.

"ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕ್ಕೊಂಡಿಲ್ಲ ಇವ್ರು. ಉಣ್ಣದೆ ಮಿಷನ್ ಮುಟ್ಟೋಕೆ ನಾನ್ ಬಿಡಲ್ಲ." ಬಾಯಿಗೆ ಬಂದ ಸುಳ್ಳು. ಬೆಳಿಗ್ಗೆ ಗಡದ್ದಾಗಿ ತಿಂದೇ ಬಂದಿದ್ದರು.

"ಹುಚ್ಚು ಹಿಡೀತಾ ನಿಂಗೆ? ಕೊಡೇ ಇಲ್ಲಿ!" ಇವರು ಎದ್ದು ನನ್ನ ಮುಷ್ಟಿ ಬಿಡಿಸಲು ಬಂದರು. ನಾನು ಪ್ಲಗ್ಗನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಆತು ನಿಂತೆ. ಬೆರಳು ತಿರುಚಿದರು, ನೋವಾಯಿತು, ಬಿಡಲಿಲ್ಲ.

ಗುತ್ತಿಗೆದಾರನಿಗೆ ಮುಜುಗರವಾಯಿತು. "ಗಂಡ ಹೆಂಡ್ತಿ ಮಧ್ಯೆ ನನ್ನದೇನು ಕೆಲಸ? ಹೀಗೊಂದು ಸುತ್ತು ಹೋಗಿ ಬರ್ತೀನಿ. ಆದ್ರೆ ಸಂಜೆಗೆ ಚೌಕಟ್ಟು ಇಲ್ಲದಿದ್ರೆ ಮರ ಬೇರೆಯವರ ಷೆಡ್ಡಿಗೆ ಹೋಗುತ್ತೆ, ಈಗಲೇ ಹೇಳಿದೀನಿ" ಎಂದು ಹೊರಟ.

ಅವನು ಹೋದ ಮೇಲೆ ಇವರು ನನ್ನ ಕೈ ಬಿಟ್ಟರು. "ಮಾನ ಕಳೆದ್ಯಲ್ಲೇ! ಇದ್ದ ಒಂದು ಕೆಲಸಕ್ಕೂ ಕಲ್ಲು ಹಾಕಿದ್ಯಲ್ಲೇ!"

ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡು, "ನಾನೀಗ ಏನು ಹೇಳ್ತಿದೀನಿ, ಹೇಳಿ ನೋಡೋಣ" ಎಂದೆ.

"ಕೈ ತೆಗಿ."

"ಯಾಕೆ ತೆಗೀಬೇಕು? ಕೇಳಿಸ್ತಾ ಇಲ್ವಾ?"

ಇವರು ನನ್ನ ಕೈಯನ್ನೇ ನೋಡಿದರು. ಮತ್ತೆ "ಕೈ ತೆಗಿ" ಎನ್ನಲು ಹೋದವರು ಅರ್ಧಕ್ಕೇ ನಿಲ್ಲಿಸಿದರು. ನಾನು ಮುಚ್ಚಿದ ಬಾಯಲ್ಲೇ ಮಾತಾಡುತ್ತಾ ಹೋದೆ, ಏನೇನು ಅಂದೆನೋ ನನಗೇ ನೆನಪಿಲ್ಲ, ಬೈದೆ, ಬೇಡಿಕೊಂಡೆ, ಅತ್ತೆ. ಒಂದು ಅಕ್ಷರವೂ ಇವರಿಗೆ ಮುಟ್ಟಲಿಲ್ಲ. ಕೊನೆಗೆ ಮರದ ಹೊಟ್ಟಿನ ಮೇಲೆ ಕುಸಿದು ಕೂತರು.

ನಾನು ಬ್ಲೇಡು ಬಿಚ್ಚಿ ತಂದೆ. ಹಲ್ಲುಗಳ ಬುಡಕ್ಕೆಲ್ಲ ಕಪ್ಪು ಪಾಲಿಶ್ ಬಳಿದು, ಬಟ್ಟೆಯಿಂದ ಒರೆಸಿ ಒರೆಸಿ ತೆಗೆದೆ. ಎಲ್ಲ ಕಡೆ ಉಕ್ಕು ಬೆಳ್ಳಗಾಯಿತು. ಒಂದು ಹಲ್ಲಿನ ಬುಡದಿಂದ ನಡುವಿನ ತೂತಿನ ಕಡೆಗೆ ಹೊರಟ ಕಪ್ಪು ಗೆರೆ ಮಾತ್ರ ಹೋಗಲಿಲ್ಲ. ಅದನ್ನು ಇವರ ಕಣ್ಣ ಮುಂದೆ ಹಿಡಿದೆ.

ಗೆರೆಯ ಮೇಲೆ ಉಗುರು ಎಳೆದು ನೋಡಿದರು. "ಬ್ಲೇಡು ಹಾಡೋದು ನಿಂತು ಒಂದು ವರ್ಷದ ಮೇಲಾಯ್ತು" ಎಂದರು. "ಬೆರಳಿಗೆ ಬ್ಲೇಡಿನ ನಡುಕ ಗೊತ್ತಾಗುತ್ತೆ. ಅದ್ರಲ್ಲೇ ಹೇಗೋ ಸಂಭಾಳಿಸ್ತಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಿಷನ್ ಮುಟ್ಟೋಕೆ ಬಿಡ್ತಿದ್ಯಾ ನೀನು?"

ಬಿಡುತ್ತಿರಲಿಲ್ಲ. ಅದಕ್ಕೆ ಬೇರೆ ಮಾತು ತೆಗೆದೆ. "ಮತ್ತೆ ಅವರಿವರು ತಂದು ಕೇಳಿಸ್ತಿದ್ರಲ್ಲ, ಆ ಬ್ಲೇಡುಗಳು?"

ಇವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಲ್ಲಿಯವರೆಗೆ ಇವರ ಮೇಲಿದ್ದ ನನ್ನ ಕೋಪವೆಲ್ಲ ಆಗ ಇಳಿದುಹೋಯಿತು. ಪಾಪ, ಒಳಗೆ ಎಷ್ಟು ಸುಟ್ಟುಕೊಂಡಿದ್ದಾರೋ ಎನ್ನಿಸಿತು.

ಆಮೇಲೆ ಇವರೇ ಎದ್ದರು. ಬ್ಲೇಡು ಎತ್ತಿಕೊಂಡು ನನಗಾಗಿ ಕಾಯದೆ ಅಂಗಡಿಯ ದಾರಿ ಹಿಡಿದರು.

ಹಲ್ಲು ಡಾಕ್ಟರ್ ಬಿರುಕು ನೋಡಿ ಬಿಳಿಚಿಕೊಂಡ. "ಅಯ್ಯಯ್ಯೋ, ನಾನೇ ಹಲ್ಲು ಕಟ್ಟಿದ್ದು. ನಿಮ್ಮ ಕೈಗೆ ಹೋದ್ಮೇಲೆ ನಾನ್ಯಾಕೆ ತಟ್ಟಿ ನೋಡ್ಲಿ ಅಂತ ಬಿಟ್ಟೆ, ಅಣ್ಣಾ."

"ಇನ್ಮೇಲೆ ಹಾಗೆ ಬಿಡ್ಬೇಡ" ಎಂದರು ಇವರು. ಅಂಗಡಿಯಲ್ಲಿದ್ದವರೆಲ್ಲ ಕೇಳುವ ಹಾಗೆ, ಸ್ವಲ್ಪ ಜಾಸ್ತಿಯೇ ಗಟ್ಟಿಯಾಗಿ ಅಂದರು, "ನಂಗೆ ಕಿವಿ ಕೇಳ್ಸಲ್ಲ. ಒಂದು ವರ್ಷದಿಂದ ಯಾರ್ಯಾರ ಬ್ಲೇಡು ಚೆನ್ನಾಗಿದೆ ಅಂದಿದೀನೋ, ಅವರೆಲ್ಲ ಇವತ್ತೇ ಬಿಚ್ಚಿ ಇನ್ನೊಂದ್ಸಲ ನೋಡ್ಸಿ. ಇಲ್ಲಿ ಇಲ್ಲದವರಿಗೂ ಹೇಳಿ."

ಸೋಫಾ ಮಾಡುವವನು ಮೆಲ್ಲಗೆ ಎದ್ದು, ಚಪ್ಪಲಿ ಮೆಟ್ಟಿ, ತನ್ನ ಷೆಡ್ಡಿನ ಕಡೆಗೆ ಓಡಿದ. ಇವರು ಗೋಡೆಯ ಬ್ಲೇಡುಗಳ ಕಡೆ ತಿರುಗಿದರು. ತೂತು, ಹಲ್ಲು, ಬಾಗು ಎಲ್ಲ ನೋಡಿ ಒಂದನ್ನು ಇಳಿಸಿದರು. ಬೆರಳಿಗೆ ತೂಗಿಸಿ ತಟ್ಟಿ, ಕಣ್ಣು ಮುಚ್ಚಲಿಲ್ಲ, ನನ್ನ ಮುಖ ನೋಡಿದರು. ನಾನು ಬೇಡವೆಂದೆ. ಇನ್ನೊಂದಕ್ಕೂ ಬೇಡವೆಂದೆ. ನಿಜ ಹೇಳಬೇಕೆಂದರೆ ಎರಡನೆಯದು ಚೆನ್ನಾಗಿಯೇ ಇತ್ತೋ ಏನೋ, ಹೆದರಿಕೆಗೆ ಬೇಡವೆಂದೆ. ಮೂರನೆಯದು ಹಾಡು ನಿಲ್ಲಿಸಲೇ ಇಲ್ಲ. ಆಗಲಿ ಎಂದು ತಲೆಯಾಡಿಸಿದೆ.

ನಾವು ಷೆಡ್ಡು ಸೇರುವ ಮೊದಲೇ ಸುದ್ದಿ ಸೇರಿತ್ತು. ಗುತ್ತಿಗೆದಾರ ಬಾಗಿಲಲ್ಲೇ ನಿಂತಿದ್ದ, ಜೊತೆಗೆ ಮರ ಹೊರಲು ಕೂಲಿಯವರು. "ಬೇಜಾರು ಮಾಡ್ಕೋಬೇಡಿ ಕಿವಿಯಣ್ಣ" ಎಂದವನು ಆ ಹೆಸರು ಬಾಯಿಗೆ ಬಂದದ್ದಕ್ಕೆ ನಾಲಿಗೆ ಕಚ್ಚಿಕೊಂಡ. "ತೊಲೆ ತುಂಬ ಮೊಳೆ. ಸದ್ದು ಕೇಳಿಸದೆ ಹೇಗೆ ಕೊಯ್ತೀರಿ? ಏನಾದ್ರೂ ಆದ್ರೆ ನನ್ನ ತಲೆ ಮೇಲೆ ಬರುತ್ತೆ."

"ಒಂದು ತೊಲೆ ಕೊಯ್ತೀನಿ. ನೋಡಿ. ಆಮೇಲೆ ಬೇಕಿದ್ರೆ ತಗೊಂಡ್ಹೋಗಿ" ಎಂದರು ಇವರು.

ಅವನು ನನ್ನ ಮುಖ ನೋಡಿದ. ಬೇಡವೆನ್ನಲು ಇದೇ ಸಮಯ, ಮಿಷನ್ನಿನ ಋಣ ಇಲ್ಲಿಗೆ ತೀರಲಿ ಎಂದು ಒಂದು ಮನಸ್ಸು ಹೇಳಿತು. ಇವರು ಆಗಲೇ ಬೋಲ್ಟು ಬಿಗಿಯುತ್ತಿದ್ದರು, ತಲೆ ಬಗ್ಗಿಸಿಕೊಂಡು. ಅವನಿಗೆ ನಾನೇನೂ ಹೇಳಲಿಲ್ಲ. ಪ್ಲಗ್ ಹಾಕಿದೆ.

ಇವರು ತೊಲೆ ಇಟ್ಟು, ಹಿಡಿಕೆಗೆ ಕೈ ಹಾಕಿ, "ಬಾ" ಎಂದರು. "ಹಿಂದೆ ನಿಂತ್ಕೋ. ಹೆಗಲ ಮೇಲೆ ಕೈ ಇಡು. ಸದ್ದು ಬದ್ಲಾದ್ರೆ ಒತ್ತು, ಬ್ಲೇಡು ಎತ್ತಿಬಿಡ್ತೀನಿ."

ಹೆಗಲ ಮೇಲೆ ಕೈ ಇಟ್ಟೆ. ಅಂಗಿಯೆಲ್ಲ ಬೆವರಿನಲ್ಲಿ ಒದ್ದೆ. ನನಗೆ ಕೇಳಿಸದೆ ಹೋದರೆ? ಒತ್ತುವುದು ತಡವಾದರೆ? ಎದೆ ಬಡಿಯುವ ಸದ್ದಿನಲ್ಲಿ ಮಿಷನ್ನಿನ ಸದ್ದು ಕೇಳಿಸುವುದೇ ಅನುಮಾನವಾಗಿತ್ತು. ಕೂಲಿಯವರು ಹಿಂದೆ ಹಿಂದೆ ಸರಿದರು.

ಇವರು ಸ್ವಿಚ್ಚಿನ ಮೇಲೆ ಬೆರಳಿಟ್ಟವರು ಒತ್ತದೆ ನಿಂತರು. ತಿರುಗಿ ನೋಡದೆ, ಮನೆಯಲ್ಲಿ ಉಪ್ಪು ಕೇಳುವಷ್ಟು ಸಹಜವಾಗಿ ಅಂದರು:

"ಕೈ ನಡುಗಿಸ್ಬೇಡ ಕಣೇ. ಮೊಳೆ ಬಂತು ಅಂದ್ಕೊಳ್ತೀನಿ."